ಲೋಹದ ವಾಲ್ವ್, ದಿನದ ಮಾತ್ರೆ

ಕೇಳುಗರಿಗೆ ನಮಸ್ಕಾರ. ನಿಮ್ಮ ಮನೆಯಲ್ಲಿ ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರು ಇದ್ದಾರಾ? ಇದ್ದರೆ ಅವರನ್ನೂ ರೇಡಿಯೋ ಹತ್ತಿರ ಕರೆಯಿರಿ.

ಆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ವಾರ್ಫರಿನ್ ಇಲ್ಲವೇ ಅಸಿಟ್ರಾಮ್ ಮಾತ್ರೆ ಕೊಡುತ್ತಾರೆ. ಜೀವಮಾನವಿಡೀ ನುಂಗಬೇಕು. ಡೋಸ್ ಕಡಿಮೆಯಾದರೆ ವಾಲ್ವ್ ಕಟ್ಟಿಕೊಳ್ಳಬಹುದು, ಲಕ್ವ ಹೊಡೆಯಬಹುದು. ಜಾಸ್ತಿಯಾದರೆ ರಕ್ತಸ್ರಾವದ ಭಯ. ಎಷ್ಟು ಸರಿ ಅನ್ನೋದನ್ನು ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ರಕ್ತಪರೀಕ್ಷೆ, ಹೇಳುತ್ತದೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಬದಲಾಯಿಸಿದವರಿಗೆ ಅದು ಸಾಮಾನ್ಯವಾಗಿ 2.5ರಿಂದ 3.5ರ ಒಳಗಿರಬೇಕು. ನಿಮ್ಮದು ಎಷ್ಟಿರಬೇಕು ಅಂತ ಡಾಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಮೈ ಹಗುರಾದ ಮೇಲೆ ಪರೀಕ್ಷೆ ತಪ್ಪಿಹೋಗುತ್ತದೆ. ಲ್ಯಾಬ್ ದೂರ, ಬಸ್ ಚಾರ್ಜು, ಒಂದು ದಿನದ ಕೂಲಿ. ಇಂಥವರನ್ನು ಬೈದು ಏನು ಬಂತು? ಬೆರಳು ಚುಚ್ಚಿ ನಿಮಿಷಗಳಲ್ಲಿ ಐಎನ್‌ಆರ್ ತೋರಿಸುವ ಪುಟ್ಟ ಯಂತ್ರಗಳಿವೆ. ಅವು ಹತ್ತಿರದ ಸರ್ಕಾರಿ ಆಸ್ಪತ್ರೆಗಳಲ್ಲೇ ಇರಬೇಕು ಅಂತ ನಾವು ಗಟ್ಟಿಯಾಗಿ ಕೇಳಬೇಕು.

ಡೋಸ್ ಕೂಡ ಎಷ್ಟೋ ಜನರಿಗೆ ದಿನಾ ಒಂದೇ ಇರೋದಿಲ್ಲ. ಇವತ್ತು 2 ಮಿಲಿಗ್ರಾಂ, ನಾಳೆ 3 ಅಂತ ಬರೆದುಕೊಟ್ಟಿರುತ್ತಾರೆ. ಗೋಡೆ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಕೆಳಗೆ ಡೋಸ್ ಬರೆಯಿರಿ. ನುಂಗಿದ ಮೇಲೆ ಗೀಟು ಎಳೆಯಿರಿ. ಮರೆತುಹೋಯಿತು ಅಂತ ಮಾರನೇ ದಿನ ಎರಡೂ ಸೇರಿಸಿ ನುಂಗಬೇಡಿ.

ಇನ್ನು ಸೊಪ್ಪಿನ ವಿಚಾರ. ಎಷ್ಟೋ ಮನೆಗಳಲ್ಲಿ ಹೆದರಿ ಸುಮ್ನೆ ಬಿಟ್ಟುಬಿಡುತ್ತಾರೆ, ನೋಡಿದರೆ ಬೇಜಾರಾಗುತ್ತದೆ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಬಲ ಕುಗ್ಗಿಸೋದು ನಿಜ. ಆದರೆ ವಾರಕ್ಕೆರಡು ಸಲ ಬಸ್ಸಾರು ಉಣ್ಣೋರು ಹಾಗೇ ಉಣ್ಣಲಿ, ಡೋಸನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ತಿಂಗಳು ಪೂರ್ತಿ ಬಿಟ್ಟು, ಆಮೇಲೆ ದಿನಾ ನುಗ್ಗೆಸೊಪ್ಪು ತಿಂದರೆ ಐಎನ್‌ಆರ್ ಏರುಪೇರಾಗುತ್ತದೆ.

ಸೊಪ್ಪಿಗಿಂತ ನನಗೆ ಹೆಚ್ಚು ಭಯ ಮೆಡಿಕಲ್ ಶಾಪಿನ ಚೀಟಿಯಿಲ್ಲದ ಮಾತ್ರೆಗಳದ್ದು. ಮಂಡಿನೋವಿಗೆ ಡೈಕ್ಲೋಫೆನಾಕ್, ಭೇದಿಗೆ ಮೆಟ್ರೋನಿಡಜೋಲ್ ಅಂತ ಕೇಳಿ ತರುತ್ತೀರಿ, ಅಲ್ವಾ? ಎರಡರಿಂದಲೂ ರಕ್ತಸ್ರಾವದ ಅಪಾಯ ಹೆಚ್ಚು. ಹಲ್ಲು ಕೀಳಿಸಬೇಕಾದರೂ, ಮಗು ಬೇಕು ಅನ್ನಿಸಿದರೂ ಮೊದಲು ಹೃದಯದ ಡಾಕ್ಟರ ಹತ್ತಿರ ಮಾತಾಡಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳು ಬಂದಿವೆಯಂತೆ ಅಂತ ಕೇಳುವವರಿದ್ದಾರೆ. ಬಂದಿರೋದು ನಿಜ, ಆದರೆ ಲೋಹದ ವಾಲ್ವ್ ಇರುವವರಿಗೆ ಅವು ಸಲ್ಲದು.

ಮಲ ಡಾಂಬರಿನಂತೆ ಕಪ್ಪಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಐಎನ್‌ಆರ್ ಬರೆದಿಟ್ಟ ಪುಸ್ತಕ ಜೊತೆಗೆ ಒಯ್ಯಿರಿ. ನಮಸ್ಕಾರ.