ಹೊತ್ತು ಯಾರದು?

(ಮಂಡ್ಯದಲ್ಲಿ ಮೇ ದಿನದಂದು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮಂಡ್ಯದವರಿಗೆ ಕಾರ್ಖಾನೆಯ ಕಥೆ ಹೊಸದಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿದರು, ನಾಲೆ ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಅತ್ತ ಮೈಸೂರಿನಲ್ಲಿ 1912ಕ್ಕೇ ರೇಷ್ಮೆ ನೇಯ್ಗೆ ಕಾರ್ಖಾನೆ. ಇದೆಲ್ಲ ನಿಮಗೆ ಗೊತ್ತು. ನಾನು ಕೇಳೋದು ಒಂದೇ: ಹೊತ್ತು ಯಾರದು?

ಆಲೆಮನೆ ನೆನಪು ಮಾಡಿಕೊಳ್ಳಿ. ಅಲ್ಲೂ ರಾತ್ರಿಯೆಲ್ಲ ದುಡಿತ ಇತ್ತು. ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತುಂಬಿ ತುಂಬಿ ಮೈ ಬೆಂದುಹೋಗುತ್ತಿತ್ತು. ಕೂಲಿಯೂ ಕಮ್ಮಿ. ಅದು ಸುಖದ ಕಾಲ ಅಂತ ನಾನು ಹೇಳುವುದಿಲ್ಲ. ಆದರೆ ಪಾಕ ಹದಕ್ಕೆ ಬಂದು, ಕೊಪ್ಪರಿಗೆ ಇಳಿಸಿ, ಬೆಲ್ಲ ಅಚ್ಚಿಗೆ ಹಾಕಿದ ಮೇಲೆ ಒಂದಿಷ್ಟು ಕೂತು ಎಲೆ ಅಡಿಕೆ ಹಾಕಿಕೊಳ್ಳಬಹುದಿತ್ತು. ಕಾರ್ಖಾನೆಯಲ್ಲಿ ಹಾಗಿಲ್ಲ. ಅಲ್ಲಿ ಮಿಷನ್ನು ನಿಲ್ಲಬಾರದು, ಮನುಷ್ಯ ಬದಲಾಗಬೇಕು. ಅದಕ್ಕೇ ಪಾಳಿ.

ನಮ್ಮಪ್ಪ ಮೈಸೂರಿನ ಒಂದು ಕಾರ್ಖಾನೆಯಲ್ಲಿದ್ದರು. ಅಪ್ಪನಿಗೆ ನೈಟ್ ಶಿಫ್ಟ್ ಇದ್ದ ವಾರ ನಮ್ಮಮ್ಮ ಹಿಟ್ಟು ರುಬ್ಬಲು ಪಕ್ಕದ ಮನೆಗೆ ಹೋಗುತ್ತಿದ್ದಳು. ನಮ್ಮನೆ ಒರಳು ಗುಂಡು ಉರುಳಿದರೆ ಅಪ್ಪನಿಗೆ ಎಚ್ಚರ ಆಗುತ್ತಲ್ವಾ! ತಲೆ ಮೇಲೆ ಅಕ್ಕಿ ಉದ್ದಿನ ಪಾತ್ರೆ, ಕಂಕುಳಲ್ಲಿ ನನ್ನ ತಂಗಿ. ಬಾಗಿಲು ಸದ್ದಾಗದಂತೆ ಕದದ ಸಂದಿಗೆ ಹಳೇ ಬಟ್ಟೆ ಸಿಕ್ಕಿಸಿ ಹೋಗುತ್ತಿದ್ದಳು. ಮಕ್ಕಳು ನಾವು ಪಿಸುಗುಟ್ಟಿಕೊಂಡೇ ಆಡುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರೊಂದೇ ಇತ್ತು. ಪಾಳಿ ಮಾತ್ರ ಮನೆಮಂದಿಗೆಲ್ಲ ಇತ್ತು. ಹೇಳಿ, ಆ ಹೊತ್ತು ಯಾರದು?

ಕಾರ್ಖಾನೆ ಕೊಟ್ಟಿದ್ದೂ ಇದೆ. ತಿಂಗಳಾದರೆ ಕೈಗೆ ಸಂಬಳ, ಮುಪ್ಪಿಗೆ ಪಿ.ಎಫ್., ಕಾಯಿಲೆಗೆ ಇ.ಎಸ್.ಐ. ನಾನು ಓದಿದ್ದು ಆ ದುಡ್ಡಲ್ಲೇ.

ಆದರೆ ಹೊತ್ತಿಗೊಂದು ಮಿತಿ ಸುಮ್ನೆ ಬರಲಿಲ್ಲ. ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಅಂತ ಹೇಳೋಕೆ 1833ರಲ್ಲಿ ಕಾನೂನೇ ಬೇಕಾಯಿತು. ಹೆಂಗಸರಿಗೆ 10 ಗಂಟೆಯ ಮಿತಿ ಬಂದಿದ್ದು 1847ರಲ್ಲಿ. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂದಿತು. 2023ರಲ್ಲಿ ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೂ ದುಡಿಸಲು ದಾರಿ ಮಾಡಿತು. ವಾರದ 48 ಹಾಗೇ ಇದೆಯಲ್ಲ ಅಂತಾರೆ. ಹನ್ನೆರಡು ಗಂಟೆ ನಿಂತ ಕಾಲಿಗೆ ವಾರದ ಲೆಕ್ಕ ಹೇಳಿದರೆ ನೋವು ಹೋಗುತ್ತಾ? ಬಸ್ಸಿನ ಹೊತ್ತು ಬೇರೆ ಸೇರಿಸಿ. ಮಗು ಮುಖ ನೋಡೋದು ಯಾವಾಗ?

ಚೀಟಿ ಬಂತು, ಐದೇ ನಿಮಿಷ ಅಂತೆ. ಗುತ್ತಿಗೆ ಕೆಲಸ, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ವಿಷಯ ಬಾಕಿ ಇತ್ತು. ಅದನ್ನು ಇನ್ನೊಮ್ಮೆ ಮಾತಾಡೋಣ.

ಹಿಂದೆ ಕೂತಿರುವ ಹುಡುಗರಿಗೆ ಒಂದು ಮಾತು. ಗೇಟಿನೊಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ದಿನಾ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಅಂತ ಕಾನೂನೇ ಹೇಳುತ್ತೆ. ನಮ್ಮಪ್ಪ ಬಾಯಿಲೆಕ್ಕ ನಂಬಿದ್ದರು. ಆ ಕೂಲಿ ಕೇಳಲು ಹೋದಾಗ ಕಾರ್ಖಾನೆಯವರು 'ಎಲ್ಲಿ ಬರೆದಿದೆ, ತೋರಿಸಿ' ಅಂದರು. ತೋರಿಸೋಕೆ ಅಪ್ಪನ ಹತ್ತಿರ ಏನೂ ಇರಲಿಲ್ಲ.