ಹಳೇ ಓಮ್ನಿಯ ಮಿಸ್ಸಿಂಗ್: ಕತ್ತಲಲ್ಲಿ ಸಿಕ್ಕಿದ ಕಿಡಿ

ಈ ಸೌಂಡ್ ಒಮ್ಮೆ ಕೇಳಿ. ಒಂದೇ ಸಮನೆ ಓಡುತ್ತಿರುವ ಇಂಜಿನ್ ನಡುವೆ ಒಂದು ಏಟು ತಪ್ಪುತ್ತೆ (ಇದಕ್ಕೇ ಮಿಸ್ಸಿಂಗ್ ಅನ್ನೋದು), ಸೀಟು ಅದುರುತ್ತೆ, ಮತ್ತೆ ಸರಿ ಹೋಗುತ್ತೆ. ಹಿಂದಿನಿಂದ ಅವ್ವ "ಯಾಕಪಾ, ಮತ್ತ ಕೆಮ್ಮಾಕ ಹತ್ತೈತಲ್ಲ?" ಅಂದಿದ್ದೂ ರೆಕಾರ್ಡ್ ಆಗಿದೆ.

ಗಾಡಿ ನಮ್ಮ ಹಳೇ ಓಮ್ನಿ, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಇರೋ ಮಾಡೆಲ್, ಕೊಪ್ಪಳ ಪಾಸಿಂಗ್. 796 ಸಿಸಿ, ಮೂರೇ ಸಿಲಿಂಡರ್. ಅದರಲ್ಲಿ ಒಂದು ಕೈಕೊಟ್ಟರೆ ಏನು ಉಳೀತು ಹೇಳಿ.

ತಮಾಷೆ ಅಂದ್ರೆ, ಗಂಗಾವತಿಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿದರೆ ಏನೂ ಇಲ್ಲ. ಗ್ಯಾರೇಜಿಗೆ ಒಯ್ದರಂತೂ ಸುಮ್ನೆ ನೆಟ್ಟಗೆ ಓಡುತ್ತೆ. ಆದರೆ ಚಳಿಗಾಲದ ಬೆಳಗ್ಗೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳ ಮೇಲೆ ಇಬ್ಬನಿ ಬಿದ್ದಿರುವಾಗ, ಇಲ್ಲಾ ಸಂಡೂರು ಕಡೆ ಏರಿನಲ್ಲಿ ಅದಿರು ಲಾರಿ ಹಿಂದೆ ಸಿಕ್ಕಿಕೊಂಡು ಆಕ್ಸಿಲರೇಟರ್ ಒತ್ತಿದಾಗ ಶುರು. ಅಂದ್ರೆ ತೇವ, ಇಲ್ಲಾ ಲೋಡು. ಈ ಎರಡನ್ನೂ ಮನಸ್ಸಲ್ಲಿಟ್ಟುಕೊಳ್ಳಿ.

ಎಲ್ಲರೂ ಹೇಳೋದು ಒಂದೇ, ಕಾರ್ಬೊರೇಟರ್ ಬಿಚ್ಚಿ ತೊಳೆಸು ಅಂತ. ಅದು ಆಗಿತ್ತು, ಪೆಟ್ರೋಲ್ ಹೊತ್ತಿಸೋ ಕಿಡಿ ಹಾರಿಸುವ ಪ್ಲಗ್ಗೂ ಹೊಸವು ಬಿದ್ದಿದ್ದವು, ಮಿಸ್ಸಿಂಗ್ ಮಾತ್ರ ಹೋಗಲಿಲ್ಲ. ನನಗೆ ಅನಿಸಿದ್ದು ಇಷ್ಟೇ: ಕಾರ್ಬೊರೇಟರ್ ಒಂದೇ, ಅದರದೇ ತಕರಾರು ಅಂದ್ರೆ ಸಾಮಾನ್ಯವಾಗಿ ಮೂರೂ ಸಿಲಿಂಡರ್ ಒದ್ದಾಡಬೇಕು. ಇಲ್ಲಿ ಒದ್ದಾಡುತ್ತಿದ್ದುದು ಒಂದೇ ಒಂದು.

ಯಾವುದು ಅಂತ ಹೇಗೆ ಗೊತ್ತಾಯ್ತು? ಮುಂದಿನ ಸೀಟು ಎತ್ತಿದರೆ ಇಂಜಿನ್ ಅಲ್ಲೇ ಕೆಳಗೆ. ಮಿಸ್ಸಿಂಗ್ ಇರುವಾಗಲೇ, ಗಾಡಿ ನಿಂತಲ್ಲೇ ಇಂಜಿನ್ ಓಡಿಸಿ, ಅಂದ್ರೆ ಐಡಲಿಂಗ್‌ನಲ್ಲಿ ಒಂದೊಂದೇ ಪ್ಲಗ್ ವೈರ್ ಎಳೆದು ನೋಡೋದು. ಒಂದನೆಯದು ಎಳೆದೆ, ಇಂಜಿನ್ ಕುಸೀತು. ಮೂರನೆಯದೂ ಹಾಗೇ. ನಡುವಿನದು ಎಳೆದರೆ ಏನೂ ವ್ಯತ್ಯಾಸ ಇಲ್ಲ! ಅಂದ್ರೆ ಅದು ಮೊದಲೇ ಕೆಲಸ ಬಿಟ್ಟಿದೆ. ಇದನ್ನ ಬರಿಗೈಯಲ್ಲಿ ಮಾಡಬೇಡಿ, ಅಲ್ಲಿರೋದು ಸಾವಿರಾರು ವೋಲ್ಟ್. ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸೋ) ಗಾಡಿಯಲ್ಲಂತೂ ಬೇಡವೇ ಬೇಡ, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟೀತು.

ಈ ಪ್ಲಗ್ ನೋಡಿ, ಹತ್ತಿರ ಹಿಡೀತೀನಿ. ಪಕ್ಕದವೆರಡು ತಿಳಿ ಕಂದು ಬಣ್ಣಕ್ಕೆ ಬಂದಿವೆ, ಚೆನ್ನಾಗಿ ಉರಿದ ಗುರುತು. ನಡುವಿನದು ಕಪ್ಪು ಮಸಿ, ಮುಟ್ಟಿದರೆ ಪೆಟ್ರೋಲ್ ಪಸೆ. ಪೆಟ್ರೋಲ್ ಬರ್ತಿದೆ, ಉರೀತಿಲ್ಲ. ಈ ಪ್ಲಗ್ಗನ್ನ ಒಂದನೇ ಸಿಲಿಂಡರಿಗೆ ಹಾಕಿದೆ, ಅಲ್ಲಿ ಆರಾಮಾಗಿ ಉರೀತು. ಹಾಗಾದ್ರೆ ಪ್ಲಗ್ಗಿನ ತಪ್ಪಲ್ಲ. ಸಿಲಿಂಡರಿನೊಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ತರಿಸಿ ನೋಡಿದ್ರೆ ಮೂರೂ ಹೆಚ್ಚುಕಡಿಮೆ ಒಂದೇ, ವಾಲ್ವ್, ಪಿಸ್ಟನ್ ರಿಂಗ್ ಸವೆದಿರಬಹುದು ಅನ್ನೋ ಚಿಂತೆ ಮುಗೀತು.

ಈಗ ಅಸಲಿ ಮಜಾ. ರಾತ್ರಿ, ಲೈಟೆಲ್ಲ ಆಫ್, ಇಂಜಿನ್ ಆನ್. ಗಿಡಕ್ಕೆ ನೀರು ಚಿಮುಕಿಸೋ ಸ್ಪ್ರೇ ಬಾಟಲಿಯಿಂದ ವೈರ್‌ಗಳ ಮೇಲೆ ತೆಳ್ಳಗೆ ಹೊಡೆದೆ. ನೋಡಿ... ಚಿಟ್ ಚಿಟ್ ಅಂತ ನೀಲಿ ಕಿಡಿ, ನಡುವಿನ ವೈರ್ ಕ್ಲಿಪ್ಪಿಗೆ ಉಜ್ಜುವ ಜಾಗದಲ್ಲಿ. ಹಗಲಲ್ಲಿ ಆ ಬಿರುಕು ಕಣ್ಣಿಗೇ ಬೀಳೋದಿಲ್ಲ, ಕೂದಲೆಳೆಯಷ್ಟು ಸಣ್ಣದು.

ಐಡಲಿಂಗ್‌ನಲ್ಲಿ ನಿಮಿಷಕ್ಕೆ 900 ಸುತ್ತು ಅಂದ್ರೆ ಎರಡು ಸುತ್ತಿಗೆ ಒಂದು ಕಿಡಿಯಂತೆ ಒಂದೊಂದು ಸಿಲಿಂಡರಿನಲ್ಲಿ 450 ಸಲ ಕಿಡಿ ಹಾರಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ, ಪ್ಲಗ್ಗಿನ ಗ್ಯಾಪ್ ದಾಟೋಕೆ ಕರೆಂಟಿಗೆ ಹೆಚ್ಚು ವೋಲ್ಟೇಜ್ ಬೇಕು. ಆಗ ಅದಕ್ಕೆ ಬಿರುಕಿನ ದಾರಿಯೇ ಸುಲಭ, ಪ್ಲಗ್ ಬಿಟ್ಟು ಗಾಡಿಯ ಲೋಹದ ಮೈಗೆ ಇಳಿದುಬಿಡುತ್ತೆ. ಇಬ್ಬನಿ ಬಿದ್ದರೆ ಆ ದಾರಿ ಇನ್ನೂ ಸಲೀಸು.

ಒಂದೇ ವೈರ್ ಯಾಕೆ, ಮೂರೂ ಒಂದೇ ವಯಸ್ಸಿನವು ಅಲ್ವಾ, ಸೆಟ್ಟೇ ಬದಲಿಸಿದೆ. ಮೂರೂ ವೈರ್‌ಗೆ ಸರದಿಯಂತೆ ಕರೆಂಟ್ ಹಂಚೋ ಡೆಲ್ಕೊ ಕ್ಯಾಪ್ ಒಳಗೆ ತುದಿಗಳು ತಿಂದುಹೋಗಿದ್ದವು, ಅದನ್ನೂ ಹೊಸದು ಹಾಕಿಸಿದೆ. ಬಿಚ್ಚುವ ಮುಂಚೆ ಫೋಟೋ ಹೊಡೆದಿಟ್ಟುಕೊಳ್ಳಿ. ಕಿಡಿ ಹಾರೋ ಸರದಿ 1-3-2, ವೈರ್ ಅದಲು ಬದಲಾದರೆ ಗಾಡಿ ಸ್ಟಾರ್ಟ್ ಆಗೋದೂ ಕಷ್ಟ.

ಇದು ಕುಮಾರಸ್ವಾಮಿ ಗುಡ್ಡದ ಏರು, ಮನೆಮಂದಿಯೆಲ್ಲ ಒಳಗಿದ್ದಾರೆ, ಎರಡನೇ ಗೇರ್. ಏಟು ತಪ್ಪುತ್ತಿಲ್ಲ. ಐಡಲಿಂಗ್‌ನಲ್ಲಿ ಸಣ್ಣ ಟಿಕ್ ಟಿಕ್ ಉಳಿದಿದೆ, ಅದು ವಾಲ್ವ್ ಒತ್ತಿ ತೆರೆಯೋ ಟ್ಯಾಪೆಟ್ಟಿನದು ಅಂತ ಅನುಮಾನ. ಮುಂದಿನ ವಿಡಿಯೋದಲ್ಲಿ ಬಿಚ್ಚೋಣ.