ದಾಸವಾಳದ ಪಕ್ಕ ಒಂದು ಪುಂಡಿ ಗಿಡ

ನಮಸ್ಕಾರ. ಅಂಗಳದಲ್ಲಿ ಒಂದು ದಾಸವಾಳ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರ ಪಕ್ಕ ಪುಂಡಿ ಗಿಡ ಎಲ್ಲಿದೆ? ಹುಳಿ ಸೊಪ್ಪಿನ ಈ ಪುಂಡಿಯೂ ದಾಸವಾಳದ ಕುಲದ್ದೇ. ಉತ್ತರ ಕರ್ನಾಟಕದವರಿಗೆ ಹೆಸರು ಹೇಳಿದರೆ ಸಾಕು, ಬಾಯಲ್ಲಿ ನೀರೂರುತ್ತದೆ. ಬೆಂಗಳೂರಿನ ತಾರಸಿಗಳಲ್ಲಿ ಮಾತ್ರ ಅಪರೂಪ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಹೈಬಿಸ್ಕಸ್ ಟೀ ಅಂತ ಚಿಕ್ಕ ಪೊಟ್ಟಣಕ್ಕೆ ದುಬಾರಿ ಬೆಲೆ ಕೊಡುತ್ತೇವೆ, ಅಲ್ವಾ? ಅದರೊಳಗೆ ಹೆಚ್ಚಾಗಿ ಇರುವುದು ಕೆಂಪು ಪುಂಡಿಯೇ. ಹೂ ಉದುರಿದ ಮೇಲೆ ಕಾಯಿಯ ಸುತ್ತ ದಪ್ಪಗೆ ಬೆಳೆಯುವ ಹುಳಿ ಹೊದಿಕೆ ಅದು. ಸುಡಾನಿನಲ್ಲಿ ಅದನ್ನೇ ಕುದಿಸಿ ಕರ್ಕಡೆ ಅಂತ ಕುಡಿಯುತ್ತಾರೆ. ನಾವು ಕುಂಡದಲ್ಲೇ ಬೆಳೆಯಬಹುದು.

ಮುಂಗಾರು ಶುರುವಾದಾಗ ಬೀಜ ಹಾಕಿ. ಒಂದಡಿ ಆಳದ ಕುಂಡ, ಒಳ್ಳೆಯ ಬಿಸಿಲು ಸಾಕು. ಗಿಡ ಮೊಣಕಾಲೆತ್ತರ ಬಂದಾಗ ಕುಡಿ ಚಿವುಟಿ, ಕವಲು ಜಾಸ್ತಿ ಒಡೆಯುತ್ತದೆ. ಹಿಟ್ಟು ತಿಗಣೆ ಕಾಡುತ್ತದೆ. ತಿನ್ನುವ ಸೊಪ್ಪು, ವಿಷ ಹೊಡೆಯಬೇಡಿ. ಸೋಪಿನ ನೀರಿಗೆ ಸ್ವಲ್ಪ ಬೇವಿನೆಣ್ಣೆ ಕಲಸಿ ಸಿಂಪಡಿಸಿ. ಹಗಲು ಚಿಕ್ಕದಾಗುತ್ತಾ ಬಂದಂತೆ ಗಿಡ ಹೂವಿಗೆ ತಿರುಗುತ್ತದೆ. ಆಗ ಸೊಪ್ಪು ಕೀಳುವುದನ್ನು ಕಡಿಮೆ ಮಾಡಿ. ಆ ಕೆಂಪು ಹೊದಿಕೆಯನ್ನು ಎಳೆಯದಾಗಿರುವಾಗಲೇ ಬಿಡಿಸಿಕೊಳ್ಳಿ, ಬಲಿತರೆ ನಾರಾಗುತ್ತದೆ.

ಆದರೆ ಪುಂಡಿಯ ನಿಜವಾದ ಸುಖ ಪಲ್ಯದಲ್ಲಿದೆ. ನಮ್ಮವ್ವ ಸೊಪ್ಪು ಬೇಯಿಸಿ, ಮೊದಲ ನೀರು ಬಸಿದು ಹುಳಿ ತಗ್ಗಿಸುತ್ತಿದ್ದಳು. ಆಮೇಲೆ ತೊಗರಿಬೇಳೆ, ಜೋಳದ ನುಚ್ಚು, ಜಜ್ಜಿದ ಹಸಿಮೆಣಸಿನಕಾಯಿ. ಕೊನೆಗೆ ಶೇಂಗಾ ಎಣ್ಣೆಯಲ್ಲಿ ಕೈತುಂಬ ಬೆಳ್ಳುಳ್ಳಿಯ ಒಗ್ಗರಣೆ. ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನಬೇಕು. ಮರುದಿನ ತಂಗಳಾದಾಗ ಇನ್ನೂ ರುಚಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ತಿನ್ನಿ, ಈ ಸೊಪ್ಪಿನಲ್ಲಿ ಆಕ್ಸಲೇಟ್ ಇರುತ್ತದೆ.

ಹಾಗಂತ ಪೂಜೆಯ ದಾಸವಾಳ ಅಡುಗೆಗೆ ಬಾರದ್ದು ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಮನೆಯ ಅಜ್ಜಿ ಮಲೆನಾಡಿನವರು. ಅವರು ದಾಸವಾಳದ ಎಲೆಯನ್ನು ನೆನೆಸಿದ ಅಕ್ಕಿ, ಮೆಂತ್ಯದ ಜೊತೆ ರುಬ್ಬಿ ದೋಸೆ ಹೊಯ್ಯುತ್ತಾರೆ. ಎಲೆಯ ಲೋಳೆಗೆ ದೋಸೆ ಎಷ್ಟು ಮೆತ್ತಗೆ ಬರುತ್ತದೆ ಗೊತ್ತಾ! ಔಷಧಿ ಹೊಡೆದಿರುವ ನರ್ಸರಿ ಗಿಡದ ಎಲೆಯನ್ನು ಮಾತ್ರ ತಂದ ಕೂಡಲೇ ಬಳಸಬೇಡಿ.

ಹೋದ ವರ್ಷ ಒಂದು ಗಿಡವನ್ನು ಕೊಯ್ಯದೆ ಒಣಗಲು ಬಿಟ್ಟೆ. ಒಂದು ಡಬ್ಬಿ ಬೀಜ ಸಿಕ್ಕಿತು. ಅರ್ಧ ಅಜ್ಜಿಗೆ ಕೊಟ್ಟೆ. ಈಗ ಅವರ ದಾಸವಾಳದ ಬುಡದಲ್ಲೇ ನಾಲ್ಕು ಪುಂಡಿ ಸಸಿ ಎದ್ದಿವೆ.